ನೈರೋಬಿಯಲ್ಲಿ ಲಿಲ್ಲಿಯ ಪೇಯಿಂಗ್ ಗೆಸ್ಟ್

ನೈರೋಬಿಗೆ ಹೋಗಿ ಬಂದೆ ಎಂದರೆ ಎಲ್ಲರೂ ಮೊದಲು ಕೇಳುವುದು ಸಿಂಹದ ವಿಷಯ. ನಾನು ಸಿಂಹ ನೋಡಲಿಲ್ಲ. ಒಂದು ದಿನ ಕಾರಿನ ಕಿಟಕಿಯಿಂದ ಬಹಳ ದೂರದಲ್ಲಿ ಜಿರಾಫೆಯ ಕತ್ತು ಕಂಡಿತು. ಅದು ಟೆಲಿಫೋನ್ ಕಂಬವಾಗಿತ್ತೇ ಎಂಬ ಅನುಮಾನ ಈಗಲೂ ಇದೆ. ನಾನು ಹೋದದ್ದು ತಂಗಿ ಲಿಲ್ಲಿಯನ್ನು ಮಂಗಳೂರಿಗೆ ಕರೆತರಲು. ಅವಳ ಗಂಡ ಅಲ್ಫೋನ್ಸ್ ತೀರಿಕೊಂಡು ವರ್ಷ ಕಳೆದಿತ್ತು. ಮಕ್ಕಳಿಲ್ಲ. ಮದುವೆಯಾದ ಹೊಸತರಲ್ಲಿ ಹಡಗು ಹತ್ತಿ ಹೋದವಳು, ಕೂದಲು ನೆರೆತರೂ ಅಲ್ಲೇ ಇದ್ದಳು. “ಇನ್ನು ಅಲ್ಲಿ ಯಾರಿದ್ದಾರೆ? ಕಮ್ ಹೋಮ್ ಫಾರ್ ಗುಡ್” ಎಂದು ಬರೆದು ಬರೆದು ಸಾಕಾಯಿತು. ಇದು ತೊಂಬತ್ತರ ದಶಕದ ಮೊದಮೊದಲ ಮಾತು. ಮದುವೆ ಮಕ್ಕಳು ಎಂಬ ಯಾವ ರಗಳೆಯೂ ಇಲ್ಲದ ರಿಟೈರ್ಡ್ ಟೀಚರ್ ನಾನು. ಆ ವಯಸ್ಸಿನಲ್ಲಿ ಮೊದಲ ಪಾಸ್‌ಪೋರ್ಟ್ ಮಾಡಿಸಿಕೊಂಡು ಹೊರಟೇಬಿಟ್ಟೆ.

ಆಫ್ರಿಕಾ ಎಂದರೆ ಸೆಕೆ ಎಂದುಕೊಂಡು ಪೆಟ್ಟಿಗೆಯ ತುಂಬ ತೆಳು ಕಾಟನ್ ಸೀರೆಗಳನ್ನು ತುಂಬಿದ್ದೆ. ಜುಲೈ ತಿಂಗಳ ನೈರೋಬಿಯಲ್ಲಿ ವಿಮಾನದಿಂದ ಇಳಿದಾಗ ಹಲ್ಲು ಕಟಕಟ ಎಂದಿತು. ಲಿಲ್ಲಿ ನನ್ನನ್ನು ಅಪ್ಪಿಕೊಂಡು, “ಸಾಯ್ಬಾ, ದೇವರೇ! ಈ ಸೀರೆಯಲ್ಲಿ ಬಂದೆಯಾ? ಇದೆಂತ ಮಂಗಳೂರಿನ ಮೇ ತಿಂಗಳಾ?” ಎಂದು ಬೈದು, ಅಲ್ಫೋನ್ಸ್‌ನ ಕಂದು ಬಣ್ಣದ ಕಾರ್ಡಿಗನ್ ಹೊದಿಸಿದಳು. ಅಲ್ಲಿದ್ದಷ್ಟು ದಿನವೂ ನಾನು ಅದನ್ನೇ ತೊಟ್ಟು ಓಡಾಡಿದೆ.

ಸೌತ್ ಬಿ, ಬಂದ ಮರುದಿನ

ಲಿಲ್ಲಿಯ ಮನೆ ಸೌತ್ ಬಿ ಎಂಬ ಬಡಾವಣೆಯಲ್ಲಿ. ಬಾಗಿಲಿಗೆ ಬೀಗದ ಮೇಲೆ ಬೀಗ, ಅಡುಗೆಮನೆಯಲ್ಲಿ ಮಾತ್ರ ನಮ್ಮದೇ ಕುಚ್ಚಲಕ್ಕಿಯ ಡಬ್ಬ, ಒಣ ಮೀನಿನ ವಾಸನೆ. “ಮಹಡಿಯ ಕೋಣೆಯಲ್ಲಿ ಒಬ್ಬಳು ಪೇಯಿಂಗ್ ಗೆಸ್ಟ್ ಇದ್ದಾಳೆ ಅಕ್ಕಾ, ಅಮೆರಿಕದವಳು” ಎಂದಿದ್ದಳು.

ಅಮೆರಿಕದವಳು ಎಂದದ್ದೇ ತಡ, ನನ್ನೊಳಗಿನ ಕಾನ್ವೆಂಟ್ ಎದ್ದು ನಿಂತಿತು. ಬೆಳಿಗ್ಗೆ ಲಿಲ್ಲಿ ಚರ್ಚಿಗೆ ಹೋದಾಗ ನಾನೇ ಮೇಜು ಸಿದ್ಧಮಾಡಿದೆ. ಎಡಕ್ಕೆ ಫೋರ್ಕ್, ಬಲಕ್ಕೆ ನೈಫ್, ತ್ರಿಕೋನವಾಗಿ ಮಡಚಿದ ನ್ಯಾಪ್ಕಿನ್, ಟೋಸ್ಟ್, ಮಾರ್ಮಲೇಡ್, ಉದ್ದನೆಯ ಗ್ಲಾಸಿನಲ್ಲಿ ಹಾಲು. ಚಿನ್ನದ ಕೂದಲು ಇಳಿದು ಬರುವುದನ್ನೇ ಕಾಯುತ್ತಿದ್ದೆ. ಬಂದವಳು ನನ್ನ ಭುಜದೆತ್ತರದ, ಕಪ್ಪು ಕೂದಲಿನ, ನೋಡಿದರೆ ಚೀನಾದವಳು ಎನ್ನಬೇಕಾದ ಹುಡುಗಿ. ಅವಳ ಹಿಂದೆ ಇನ್ನೊಬ್ಬಳು ಇರಬಹುದೆಂದು ನಾನು ಮೆಟ್ಟಿಲ ಕಡೆ ನೋಡುತ್ತಲೇ ಇದ್ದೆ.

“ಇನ್ಯಾರೂ ಇಲ್ಲ ಆಂಟಿ, ಅಮೆರಿಕದವಳು ನಾನೇ” ಎಂದು ಅವಳು ನಕ್ಕಳು. ಹೆಸರು ಕೀಯಾ.

ನಾಚಿಕೆ ಮುಚ್ಚಿಕೊಳ್ಳಲು ಉಪಚಾರ ಜೋರು ಮಾಡಿದೆ. ಅವಳು ಹಾಲಿನ ಗ್ಲಾಸನ್ನು ಮೆಲ್ಲಗೆ ಬದಿಗೆ ಸರಿಸಿದರೆ ಬಿಡುವವಳೇ ನಾನು? ಹಾಸ್ಟೆಲ್‌ನ ವಾರ್ಡನ್ ದನಿಯಲ್ಲಿ “ಕಮ್ ಕಮ್, ಫಿನಿಶ್ ಇಟ್ ಲೈಕ್ ಎ ಗುಡ್ ಗರ್ಲ್” ಎಂದೆ. ದೊಡ್ಡವರ ಮಾತು ಮೀರುವ ಅಭ್ಯಾಸ ಅವಳಿಗಿರಲಿಲ್ಲ, ಕುಡಿದಳು. ಲಿಲ್ಲಿ ಹಿಂತಿರುಗಿದಾಗ ಹುಡುಗಿ ಬಾತ್‌ರೂಮಿನಲ್ಲಿ. ಆ ದಿನ ಕೆಲಸಕ್ಕೆ ರಜೆ.

“ಅವಳಿಗೆ ಹಾಲು ಕೊಟ್ಟೆಯಾ! ಅವಳಿಗೆ ಆಗುವುದಿಲ್ಲ ಮಾರಾಯ್ತಿ. ಬೆಳಿಗ್ಗೆ ನನ್ನ ಹಾಗೆ ಗಂಜಿ, ಉಪ್ಪಿನಕಾಯಿ. ಮೆಣಸಿನಕಾಯಿ ನನಗಿಂತ ಹೆಚ್ಚು ತಿನ್ನುತ್ತಾಳೆ.”

ಮಧ್ಯಾಹ್ನ ಸೋಫಾದಲ್ಲಿ ಮಲಗಿ ಗಂಜಿತಿಳಿ ಕುಡಿಯುತ್ತ ಕೀಯಾ ತಾನು ಯಾರೆಂದು ಹೇಳಿದಳು. ಅವಳ ಜನರಿಗೆ ಮೋಂಗ್ ಎಂದು ಹೆಸರು. ಲಾವೋಸ್ ದೇಶದ ಎತ್ತರದ ಬೆಟ್ಟಗಳಲ್ಲಿ ಭತ್ತ, ಜೋಳ ಬೆಳೆದುಕೊಂಡಿದ್ದವರು. ಯುದ್ಧ ಅವರನ್ನು ಅಲ್ಲಿಂದ ಕಿತ್ತಿತು. ಇವಳು ಚಿಕ್ಕವಳಿದ್ದಾಗ ಅಮೆರಿಕದ ವಿಸ್ಕಾನ್ಸಿನ್‌ನ ಒಂದು ಸಣ್ಣ ಊರಿನ ಚರ್ಚಿನವರು ಇವರ ಕುಟುಂಬವನ್ನು ಕರೆಸಿಕೊಂಡರು. ಊರಿನ ಹೆಸರು ಹೇಳಿದರೆ ಅಮೆರಿಕನ್ನರಿಗೇ ಗೊತ್ತಾಗುವುದಿಲ್ಲವಂತೆ. ಆ ಊರಿನಲ್ಲಿ ಜನರಿಗಿಂತ ಹಸುಗಳು ಹೆಚ್ಚು.

“ಬಹಳ ಒಳ್ಳೆಯ ಜನ ಆಂಟಿ. ಅದೇ ಕಷ್ಟ ಆದದ್ದು. ದಿನಾ ಒಬ್ಬರಲ್ಲ ಒಬ್ಬರು ಬಾಗಿಲಿಗೆ ಹಾಲು ತಂದಿಡುತ್ತಿದ್ದರು. ನಮ್ಮಲ್ಲಿ ಹಾಲು ಕುಡಿದು ಯಾರಿಗೂ ಅಭ್ಯಾಸವಿಲ್ಲ. ಬೇಡ ಅಂದರೆ ನೊಂದುಕೊಳ್ಳುತ್ತಾರೆ ಅಂತ ನನ್ನ ಅಜ್ಜಿ ಎಲ್ಲರಿಗೂ ಕೈಮುಗಿದು ತೆಗೆದುಕೊಂಡು, ಹಿತ್ತಲಲ್ಲಿ ಬೆಕ್ಕಿಗೆ ಇಡುತ್ತಿದ್ದಳು. ಒಂದು ತಿಂಗಳಲ್ಲಿ ಊರಿನ ಬೆಕ್ಕೆಲ್ಲ ನಮ್ಮ ಮನೆಯಲ್ಲಿ. ಅಕ್ಕಪಕ್ಕದವರು ತಮ್ಮ ಬೆಕ್ಕು ಹುಡುಕಿಕೊಂಡು ಬರುವರು, ಬರುವಾಗ ಮತ್ತೊಂದು ಕ್ಯಾನ್ ಹಾಲು ತರುವರು!”

ನಕ್ಕು ನಕ್ಕು ಅವಳಿಗೆ ಮತ್ತೆ ಹೊಟ್ಟೆನೋವು ಬಂತು.

ವೆಸ್ಟ್‌ಲ್ಯಾಂಡ್ಸ್‌ಗೆ ಚಳಿಗಾಲ ಒಯ್ದದ್ದು

ಕೀಯಾ ನೈರೋಬಿಯಲ್ಲಿ ಮಾಡುತ್ತಿದ್ದ ಕೆಲಸ, ತಾನು ದಾಟಿ ಬಂದ ದಾರಿಯಲ್ಲಿ ಇತರರನ್ನು ದಾಟಿಸುವುದು. ಅಕ್ಕಪಕ್ಕದ ದೇಶಗಳಿಂದ ಓಡಿಬಂದು, ಅಮೆರಿಕಕ್ಕೆ ಹೋಗಲು ಅನುಮತಿ ಸಿಕ್ಕಿದವರಿಗೆ ವೆಸ್ಟ್‌ಲ್ಯಾಂಡ್ಸ್ ಬಡಾವಣೆಯ ಒಂದು ಬಾಡಿಗೆ ಸಭಾಂಗಣದಲ್ಲಿ ತರಗತಿ. ಬಸ್ಸು ಹತ್ತುವುದು ಹೇಗೆ, ನೆರೆಮನೆಯವರೊಡನೆ ಮಾತಾಡುವುದು ಹೇಗೆ, ಹಿಮ ಬಿದ್ದರೆ ಏನು ಮಾಡಬೇಕು. “ಆಂಟಿ, ನೀವು ಟೀಚರ್ ಅಲ್ಲವಾ, ಇಂಗ್ಲಿಷ್ ಮಾತಾಡಲು ಕಲಿಸಿ” ಎಂದು ನನ್ನನ್ನೂ ಎಳೆದುಕೊಂಡಳು. ಮನೆಯಲ್ಲಿ ಕೂತು ಲಿಲ್ಲಿಯ ಬಾಯಿಂದ “ಬರ್ತೇನೆ” ಎಂಬ ಮಾತು ಹೊರಡಿಸಲಾಗದೆ ಸೋಲುತ್ತಿದ್ದ ನನಗೂ ಅದು ಬೇಕಿತ್ತು. ನಾನು ಮಂಗಳೂರಿನ ಮಾತೆತ್ತಿದರೆ ಸಾಕು, ಅವಳು “ನೋಡುವ” ಎಂದು ಒಲೆಯ ಕಡೆ ತಿರುಗುತ್ತಿದ್ದಳು.

ಒಂದು ಬುಧವಾರ ಚಳಿಗಾಲದ ಪಾಠ. ಕೀಯಾ ಬೆಳಿಗ್ಗೆಯೇ ಹೋಗಿದ್ದಳು. ಲಿಲ್ಲಿಯ ಫ್ರಿಜ್ಜಿನ ಐಸ್ ಅನ್ನು ಟಿಫಿನ್ ಡಬ್ಬದಲ್ಲಿ ತುಂಬಿಸಿಕೊಂಡು ನಾನು ತರಬೇಕು, ವಿದ್ಯಾರ್ಥಿಗಳು ಅದನ್ನು ಕೈಯಲ್ಲಿ ಹಿಡಿದು ಚಳಿ ಎಂದರೇನೆಂದು ತಿಳಿಯಬೇಕು. ಮಟಾಟು ಎಂಬ ವ್ಯಾನಿನಲ್ಲಿ ಡಬ್ಬವನ್ನು ತೊಡೆಯ ಮೇಲಿಟ್ಟು ಕುಳಿತೆ. ನಮ್ಮ ಸಿಟಿ ಬಸ್ಸಿನ ನೂಕುನುಗ್ಗಲು ಅದರ ಮುಂದೆ ಭಜನಾ ಮಂಡಳಿ. ಮೂವರ ಸೀಟಿಗೆ ಐವರು, ಕಿವಿ ಕಿತ್ತುಹೋಗುವ ಹಾಡು, ಬಾಗಿಲಿಗೆ ಜೋತುಬಿದ್ದ ಕಂಡಕ್ಟರ್. ಟ್ರಾಫಿಕ್ಕಿನಲ್ಲಿ ವ್ಯಾನು ನಿಂತಿತು, ನಿಂತೇ ಇತ್ತು. ಮೊದಲು ಮೊಣಕಾಲು ತಣ್ಣಗಾಯಿತು. ಆಮೇಲೆ ಸೀರೆ. ಆಮೇಲೆ ಪಕ್ಕದ ಗಂಡಸಿನ ಪ್ಯಾಂಟು. ಆತ ನನ್ನನ್ನು ನೋಡಿದ, ನಾನು ಕಿಟಕಿ ನೋಡಿದೆ. ಇಳಿಯುವಾಗ ಕಂಡಕ್ಟರ್ ನನ್ನ ಸೀರೆ ನೋಡಿ ಬಹಳ ಮೃದುವಾಗಿ, “ಸಾವಾ, ಮಾಮಾ, ಸಾವಾ” ಎಂದು ಕೈಹಿಡಿದು ಇಳಿಸಿದ. ಪರವಾಗಿಲ್ಲ ತಾಯಿ, ವಯಸ್ಸಾದ ಮೇಲೆ ಆಗುತ್ತದೆ ಎಂಬ ದನಿ. ಐಸ್ ಎಂದು ವಿವರಿಸುವ ಸ್ವಾಹಿಲಿ ನನ್ನಲ್ಲಿರಲಿಲ್ಲ. “ಅಸಾಂಟೆ” ಎಂದೆ, ಕೃತಜ್ಞತೆಯಿಂದಲೇ.

ಡಬ್ಬದಲ್ಲಿ ಉಳಿದದ್ದು ಒಂದೇ ತುಂಡು. ಅದನ್ನೇ ಒಬ್ಬರಿಂದ ಒಬ್ಬರಿಗೆ ಕೈ ಬದಲಾಯಿಸಿದರು. ಕೊನೆಯಲ್ಲಿ ಕುಳಿತಿದ್ದ ಬಿಳಿ ಶಾಲಿನ ವೃದ್ಧೆ ಅದನ್ನು ಹಿಡಿದು ನೋಡಿ, ಬಾಯಿಗೆ ಹಾಕಿಕೊಂಡು ಕಟುಂ ಎಂದು ಜಗಿದು, ತಮ್ಮ ಭಾಷೆಯಲ್ಲಿ ಏನೋ ಹೇಳಿದರು. ಪಕ್ಕದಲ್ಲಿದ್ದ ಮಗಳು ತಲೆ ತಗ್ಗಿಸಿ ಅನುವಾದಿಸಿದಳು: “ಚಳಿಗಾಲ ತಿಂದಾಯಿತು, ಇನ್ನು ನಾನು ಹೋಗಬೇಕಾಗಿಲ್ಲ ಅಂತಾರೆ.”

ಎಲ್ಲರೂ ನಕ್ಕರು. ಮಗಳು ನಗಲಿಲ್ಲ.

ಅವಳ ಹೆಸರು ಅಲ್ಮಾಜ್. ಇಥಿಯೋಪಿಯಾದವರು. ತಾಯಿಯನ್ನು ಎಲ್ಲರೂ ಎಮಾಮಾ ಎನ್ನುತ್ತಿದ್ದರು. ಅವರಲ್ಲಿ ವಯಸ್ಸಾದ ಹೆಂಗಸನ್ನು ಗೌರವದಿಂದ ಹಾಗೆ ಕರೆಯುತ್ತಾರೆ. ಅಲ್ಮಾಜ್, ಅವಳ ಪುಟ್ಟ ಮಗಳು, ಎಮಾಮಾ, ಈ ಮೂವರನ್ನು ಕರೆಸಿಕೊಳ್ಳಲು ಮುಂದೆ ಬಂದದ್ದು ಕೀಯಾಳ ಊರಿನ ಅದೇ ಚರ್ಚು. ಮುಂದಿನ ಗುರುವಾರ ವಿಮಾನ. ಆದರೆ ಎಮಾಮಾ ಬರುವುದಿಲ್ಲ ಎಂದು ಕುಳಿತಿದ್ದರು. ಗಂಡ ನೈರೋಬಿಗೆ ಬಂದ ಕೆಲವೇ ತಿಂಗಳಲ್ಲಿ ತೀರಿಕೊಂಡು ಇಲ್ಲೇ ಮಣ್ಣಾಗಿದ್ದರು. “ಅವರಿಗೆ ಈ ಊರಿನಲ್ಲಿ ಯಾರ ಪರಿಚಯವೂ ಇಲ್ಲ. ಒಬ್ಬರನ್ನೇ ಬಿಟ್ಟು ಹೇಗೆ ಹೋಗಲಿ?” ಇಷ್ಟೇ ಅವರ ವಾದ. ತಾಯಿಯನ್ನು ಬಿಟ್ಟು ಅಲ್ಮಾಜ್ ಹೋಗುವವಳಲ್ಲ. ಗುರುವಾರ ತಪ್ಪಿದರೆ ಆ ಜಾಗ ಬೇರೆ ಕುಟುಂಬಕ್ಕೆ. ಇವರ ಸರದಿ ಮತ್ತೆ ಯಾವಾಗಲೋ, ಬರುವುದೋ ಇಲ್ಲವೋ.

ನಾನು ಚರ್ಚಿನ ಮಕ್ಕಳಿಗೆ ಕ್ಯಾಟೆಕಿಸಂ ಎಂಬ ಧರ್ಮಪಾಠ ಕಲಿಸಿದವಳ ಧೈರ್ಯದಿಂದ, “ಆತ್ಮ ದೇವರ ಬಳಿ ಇದೆ ಎಮಾಮಾ, ಸಮಾಧಿ ಬರೀ ಮಣ್ಣು” ಎಂದೆ. ಎಮಾಮಾ ನನ್ನನ್ನು ಅಡಿಯಿಂದ ಮುಡಿಯವರೆಗೆ, ಒದ್ದೆ ಸೀರೆಯ ಸಮೇತ ನೋಡಿದರು.

“ನಿನ್ನ ಗಂಡನ ಸಮಾಧಿ ಎಲ್ಲಿದೆ?”

“ನನಗೆ ಮದುವೆಯಾಗಿಲ್ಲ.”

“ಮತ್ತೆ ನಿನಗೇನು ಗೊತ್ತು?”

ಅನುವಾದಿಸಿದ ಅಲ್ಮಾಜ್ ಮುಖ ಮುಚ್ಚಿಕೊಂಡಳು. ನನ್ನ ಕ್ಯಾಟೆಕಿಸಂ ಅಲ್ಲಿಗೆ ಮುಗಿಯಿತು.

ಲಿಲ್ಲಿಯ ವರಾಂಡ, ಶನಿವಾರ

ಎಮಾಮಾರ ಮನಸ್ಸು ತಿರುಗಿಸಲೆಂದು ಕೀಯಾ ತಾಯಿಮಗಳನ್ನು ಮನೆಗೇ ಕರೆದಳು. “ನನ್ನ ಮನೆ ಎಂತ ಧರ್ಮಛತ್ರವಾ?” ಎಂದು ಗೊಣಗಿದ ಲಿಲ್ಲಿಯೇ ಬೆಳಿಗ್ಗೆಯಿಂದ ಇಡ್ಲಿಯಂಥ ಸಾನ್ನಾ ಬೇಯಿಸಿದಳು. ಹುಳಿ ಬರಿಸಿದ ಅಕ್ಕಿ ಹಿಟ್ಟಿನ ನಮ್ಮ ಸಾನ್ನಾವನ್ನು ಎಮಾಮಾ ಮೂಸಿ ನೋಡಿ, ಹುಳಿ ಸಾಲದೆಂದರು. ಅವರ ಊರಿನ ದೋಸೆಯಂಥ ರೊಟ್ಟಿಗೆ ಹಿಟ್ಟು ಮೂರು ದಿನ ಹುಳಿ ಬರಬೇಕಂತೆ. ಆದರೂ ನಾಲ್ಕು ತಿಂದರು. ಆಮೇಲೆ ವರಾಂಡದ ಇದ್ದಿಲ ಒಲೆಯಲ್ಲಿ ತಾವೇ ಕಾಫಿಬೀಜ ಹುರಿದು, ಕುಟ್ಟಿ, ಕರಿ ಮಣ್ಣಿನ ಹೂಜಿಯಲ್ಲಿ ಕುದಿಸಿ, ಹಿಡಿಯಿಲ್ಲದ ಪುಟ್ಟ ಬಟ್ಟಲುಗಳಲ್ಲಿ ಕೊಟ್ಟರು. ಒಂದು ಬಟ್ಟಲಿಗೆ ಏಳುವಂತಿಲ್ಲ, ಮೂರು ಸುತ್ತು ಕುಡಿಯಲೇಬೇಕು. ಆ ಮೂರು ಸುತ್ತಿನ ನಡುವೆ ಕೀಯಾ ತನ್ನ ಕಥೆ ಹೇಳಿದಳು, ಅಲ್ಮಾಜ್ ತಾಯಿಗೆ ತಿಳಿಸುತ್ತ ಹೋದಳು.

ಲಾವೋಸ್‌ನ ಬೆಟ್ಟಗಳಲ್ಲಿ ಅಮೆರಿಕದವರು ಯಾರಿಗೂ ಹೇಳದೆ ನಡೆಸಿದ ಯುದ್ಧಕ್ಕೆ ಮೋಂಗ್ ಗಂಡಸರನ್ನು ಸೈನಿಕರನ್ನಾಗಿ ಸೇರಿಸಿಕೊಂಡರು. ಆಮೇಲೆ ಅಮೆರಿಕದವರು ವಿಮಾನ ಹತ್ತಿ ಹೊರಟುಹೋದರು. ಉಳಿದವರನ್ನು ಗೆದ್ದವರು ಬೇಟೆಯಾಡಿದರು. ಕೀಯಾಳ ಮನೆಯವರು ಕಾಡಿನಲ್ಲಿ ಅಡಗಿ ಅಡಗಿ ಮೆಕಾಂಗ್ ನದಿಯವರೆಗೆ ನಡೆದರು. ಮಕ್ಕಳು ಅತ್ತರೆ ಸೈನಿಕರಿಗೆ ಕೇಳಿಸುತ್ತದೆಂದು ಹಸುಗೂಸುಗಳಿಗೆ ಅಫೀಮು ನೆಕ್ಕಿಸುತ್ತಿದ್ದರು. “ನನ್ನ ತಮ್ಮ ಆಮೇಲೆ ಏಳಲಿಲ್ಲ” ಎಂದಳು ಕೀಯಾ. ಬಿದಿರು ಕಟ್ಟಿಕೊಂಡು ನದಿ ದಾಟಿದ್ದು, ಥಾಯ್ಲೆಂಡಿನ ಶಿಬಿರದಲ್ಲಿ ವರ್ಷಗಟ್ಟಲೆ ಕಾದದ್ದು, ಕೊನೆಗೆ ಆ ಹಾಲಿನ ಊರು. ಮೊದಲ ಚಳಿಗಾಲದಲ್ಲೇ ಅಜ್ಜ ತೀರಿಕೊಂಡ.

“ನಮ್ಮಲ್ಲಿ ಸತ್ತವರಿಗೆ ದಾರಿ ಹಾಡಬೇಕು. ಹಾಡು ಗೊತ್ತಿರುವ ಹಿರಿಯರು ಬಂದು ಹೆಣದ ಬಳಿ ಕೂತು, ಸತ್ತವರು ಬದುಕಿದ್ದ ಒಂದೊಂದು ಊರನ್ನೂ ಹಿಂದು ಹಿಂದಕ್ಕೆ ಹೇಳುತ್ತ, ಹುಟ್ಟಿದ ಮನೆಯವರೆಗೂ ಕರೆದುಕೊಂಡು ಹೋಗುತ್ತಾರೆ. ಪ್ರತಿ ಊರಿನಲ್ಲೂ ನಿಲ್ಲಿಸಿ, ಇಲ್ಲಿಯ ನೀರು ಕುಡಿದೆ, ಇಲ್ಲಿಯ ಸೌದೆ ಉರಿಸಿದೆ, ಉಪಕಾರವಾಯಿತು ಅಂತ ಹೇಳಿಸಬೇಕು. ಇಲ್ಲದಿದ್ದರೆ ಆ ಊರು ದಾಟಿಸುವುದಿಲ್ಲ. ನಮ್ಮ ಊರಿನಲ್ಲಿ ಆ ಹಾಡು ಯಾರಿಗೂ ಬರುತ್ತಿರಲಿಲ್ಲ. ಬೇರೆ ರಾಜ್ಯದಿಂದ ಒಬ್ಬ ಮುದುಕ ಹಿಮದಲ್ಲಿ ಕಾರು ಹೊಡೆಸಿಕೊಂಡು ಬಂದ. ಹಾಡು ಶುರುಮಾಡಿದವನು ಮೊದಲ ಊರಿನಲ್ಲೇ ನಿಲ್ಲಿಸಿದ. ‘ಇಲ್ಲಿ ಸೌದೆ ಎಲ್ಲಿದೆ? ಯಾವುದಕ್ಕೆ ಉಪಕಾರ ಹೇಳಿಸಲಿ?’ ಮನೆಯಲ್ಲಿ ಒಲೆ ಇಲ್ಲ, ಗೋಡೆಯಲ್ಲಿ ಬಿಸಿ ಪೈಪು. ದೊಡ್ಡವರಲ್ಲಿ ಜಗಳವೇ ಆಯಿತು. ಕೊನೆಗೆ ಅವನು ಬಿಸಿ ಪೈಪಿಗೇ ಉಪಕಾರ ಹಾಡಿದ. ಹಾಲಿಗೂ ಹಾಡಿದ, ಅಜ್ಜಿ ಹೇಳಿದಳು ಅಂತ.”

ಲಿಲ್ಲಿ ಬಟ್ಟಲನ್ನು ಕೆಳಗಿಟ್ಟಿದ್ದಳು. ನನ್ನ ಅಷ್ಟು ವರ್ಷದ ಕಾನ್ವೆಂಟಿನಲ್ಲಿ ಕುಡಿದ ನೀರಿಗೆ ಹೀಗೆ ಹೆಸರು ಹೇಳಿ ಥ್ಯಾಂಕ್ಸ್ ಹೇಳಲು ಯಾರೂ ಕಲಿಸಿರಲಿಲ್ಲವಲ್ಲ ಎಂದು ನನಗನಿಸಿತು.

ಎಮಾಮಾ ಕೇಳಿದರು, “ಆಮೇಲೆ ನಿನ್ನ ಅಜ್ಜಿ?”

ಕೀಯಾ ಕಥೆಯ ಓಘದಲ್ಲಿದ್ದಳು. “ಆಮೇಲೆ ನಮ್ಮ ಕುಲದವರೆಲ್ಲ ಚಳಿ ತಾಳಲಾರದೆ ಕ್ಯಾಲಿಫೋರ್ನಿಯಾಕ್ಕೆ ಹೋದರು. ಅಲ್ಲಿ ಮೋಂಗ್ ಜನ ಬಹಳ. ಅಜ್ಜಿ ಒಪ್ಪಲಿಲ್ಲ. ಅಜ್ಜ ಇಲ್ಲಿದ್ದಾನೆ, ನಾನೆಲ್ಲಿಗೆ ಹೋಗಲಿ ಅಂದಳು. ಅವಳಿಗಾಗಿ ನಾವು ಉಳಿದೆವು. ನಮಗಾಗಿ ಇನ್ನೆರಡು ಮನೆಯವರು ಬಂದರು. ಈಗ ಆ ಊರಿನಲ್ಲಿ ಒಂದು ಬೀದಿಯೇ ನಮ್ಮದು, ಎಮಾಮಾ. ನಿಮಗೂ...”

ಅಲ್ಮಾಜ್ ಅನುವಾದ ಮುಗಿಸುವ ಮೊದಲೇ ಎಮಾಮಾ ತೊಡೆ ತಟ್ಟಿದರು. “ನೋಡಿದೆಯಾ! ಆ ತಾಯಿ ಗಂಡನ ಹತ್ತಿರ ಉಳಿದಳು. ಅವಳು ಮಾಡಿದ್ದೇ ಸರಿ. ನಾನೂ ಉಳಿಯುತ್ತೇನೆ.” ಮೂರನೆಯ ಸುತ್ತಿನ ಕಾಫಿ ಬಗ್ಗಿಸಿದರು, ಮಾತು ಮುಗಿಯಿತೆಂಬಂತೆ.

ಅವರು ಹೋದ ಮೇಲೆ ಕೀಯಾ ಮೆಟ್ಟಿಲ ಮೇಲೆ ಕುಳಿತು ಅತ್ತಳು. “ನಾನು ಬಾಯಿ ಮುಚ್ಚಿಕೊಂಡಿರಬೇಕಿತ್ತು. ಅಲ್ಮಾಜ್‌ಗೆ ಏನು ಹೇಳಲಿ?”

ಲಿಲ್ಲಿ ಬಟ್ಟಲುಗಳನ್ನು ತೊಳೆದು ಮಗುಚಿಟ್ಟಳು. ಆಮೇಲೆ, “ನಾಳೆ ಚರ್ಚಿನ ಪೂಜೆ ಆದ ಮೇಲೆ ಅವರಿಬ್ಬರನ್ನೂ ಬರಲಿಕ್ಕೆ ಹೇಳು. ಕಾರಿನಲ್ಲಿ ಜಾಗ ಉಂಟು. ಅಕ್ಕಾ, ನೀನೂ ಬಾ” ಎಂದಳು.

ಲಂಗಾಟಾ ರಸ್ತೆ, ಭಾನುವಾರ

ಭಾನುವಾರಗಳಲ್ಲಿ ಲಿಲ್ಲಿ ಬಕೆಟ್ಟು, ಬ್ರಷ್ಷು ಕಾರಿಗೆ ಹಾಕಿಕೊಂಡು ಲಂಗಾಟಾ ರಸ್ತೆಯ ಸ್ಮಶಾನದಲ್ಲಿರುವ ಅಲ್ಫೋನ್ಸ್‌ನ ಸಮಾಧಿಗೆ ಹೋಗುತ್ತಿದ್ದದ್ದು ನನಗೆ ಗೊತ್ತಿತ್ತು. ಹಿಂದಿನ ವಾರ ನನಗೆ ನೆಗಡಿ, ಹೋಗಿರಲಿಲ್ಲ. ಅಲ್ಫೋನ್ಸ್‌ನ ಕಲ್ಲು ಒಂದು ಜಕರಂಡಾ ಮರದ ಕೆಳಗಿತ್ತು. ಅವನದೇ ಕಾರ್ಡಿಗನ್ ತೊಟ್ಟು ಅವನ ಮುಂದೆ ನಿಲ್ಲಲು ನನಗೆ ಮುಜುಗರವಾಯಿತು. ಲಿಲ್ಲಿ ಕಲ್ಲು ಉಜ್ಜಿ ಮುಗಿಸಿದಳು, ಮೇಣದ ಬತ್ತಿ ಹಚ್ಚಿದಳು. ಮುಗಿಯಿತೆಂದುಕೊಂಡೆ. ಅವಳು ಬಕೆಟ್ ಎತ್ತಿಕೊಂಡು ಮುಂದಿನ ಸಮಾಧಿಗೆ ಹೋಗಿ ಮತ್ತೆ ಮೊಣಕಾಲೂರಿದಳು.

“ಇದು ಯಾರದು?”

“ಪಿಂಟೊ ಬಾಯಿ. ನಮ್ಮ ಕಂಕನಾಡಿಯವರು. ಮಕ್ಕಳೆಲ್ಲ ಇಂಗ್ಲೆಂಡಿನ ಲೆಸ್ಟರ್‌ನಲ್ಲಿ. ಹೋಗುವಾಗ ಕೈಹಿಡಿದು ಅತ್ತರು, ನಾನು ನೋಡಿಕೊಳ್ತೇನೆ ಅಂದೆ. ಅದು ಗೋವಾದ ಟೈಲರ್, ಮನೆಯವರು ಟೊರೊಂಟೊದಲ್ಲಿ. ಆಚೆಯದ್ದು ಮಾಸ್ಟರ್ ಮತ್ತು ಅವರ ಹೆಂಡತಿ. ಅದರ ಹಿಂದೆ ಒಂದು ಮಗು. ಅದರ ಅಪ್ಪ ಅಮ್ಮ ಎಲ್ಲಿದ್ದಾರೋ ನಂಗೂ ಗೊತ್ತಿಲ್ಲ.”

ನಮ್ಮಲ್ಲಿ ನವೆಂಬರಿನ ಸತ್ತವರ ಹಬ್ಬದಂದು ಸಮಾಧಿ ತೊಳೆದು ಹೂ ಇಡುವುದುಂಟು, ನಮ್ಮ ನಮ್ಮವರದ್ದಕ್ಕೆ. ಹೋದವರೆಲ್ಲ ಬಿಟ್ಟುಹೋದವರ ಸಮಾಧಿಗಳನ್ನು ನನ್ನ ತಂಗಿ ವಾರ ವಾರ ತೊಳೆಯುತ್ತಿದ್ದಳು. ಒಂದು ಪತ್ರದಲ್ಲೂ ಬರೆದಿರಲಿಲ್ಲ.

ಎಮಾಮಾ ಎಲ್ಲವನ್ನೂ ನೋಡುತ್ತ ಹಿಂದೆ ಬಂದರು. ಅವರ ಗಂಡನದು ಸ್ಮಶಾನದ ಹೊಸ ಭಾಗದಲ್ಲಿ, ಕೆಂಪು ಮಣ್ಣಿನ ದಿಬ್ಬ, ಮರದ ಶಿಲುಬೆ. ಲಿಲ್ಲಿ ಯಾರನ್ನೂ ಕೇಳದೆ ಕುಳಿತು ಹುಲ್ಲು ಕೀಳತೊಡಗಿದಳು. ಎಮಾಮಾ ಬಗ್ಗಿ ಅವಳ ಕೈಯಿಂದ ಒಂದು ಎಸಳು ತೆಗೆದು ತಿರುಗಿಸಿ ನೋಡಿದರು.

“ಬೇರು ಬಂದಿಲ್ಲ.”

“ಹುಲ್ಲು ಕೀಳ್ಲಿಕ್ಕೂ ಇವರು ನನಗೆ ಕಲಿಸ್ತಾರ!” ಎಂದು ನನ್ನ ಕಡೆ ಗೊಣಗಿದರೂ ಲಿಲ್ಲಿ ಬೇರು ಸಮೇತ ಕಿತ್ತಳು. ಕೀಯಾ ಆಚೆ ಬದಿಯಿಂದ ಶುರುಮಾಡಿದಳು.

ಎಮಾಮಾ ಪ್ರಶ್ನೆ ಕೇಳತೊಡಗಿದರು, ಅಲ್ಮಾಜ್ ನಡುವೆ ನಿಂತಳು. “ಪ್ರತಿ ವಾರ ಬರುತ್ತೀಯಾ?”

“ಭಾನುವಾರ ಮಳೆ ಬಂದರೆ ಸೋಮವಾರ.”

“ಅವರ ಹತ್ತಿರ ಮಾತಾಡುತ್ತೀಯಾ?”

“ಮಾತಾಡದೆ? ಪಿಂಟೊ ಬಾಯಿಗೆ ಪೇಟೆಯ ಸುದ್ದಿ ಹೇಳ್ತೇನೆ. ಟೈಲರಿಗೆ ಬೈತೇನೆ, ನನ್ನ ಒಂದು ಒಳ್ಳೆಯ ಬ್ಲೌಸ್ ಹಾಳುಮಾಡಿದ್ದ.”

“ನನ್ನ ಯಜಮಾನರಿಗೆ ಬೈಯಬಾರದು. ಅವರಿಗೆ ಬೇಗ ನೋವಾಗುತ್ತದೆ.”

“ಆಯಿತು. ಬೈಯುವುದಿಲ್ಲ.”

ಎಮಾಮಾ ತಲೆದೂಗಿದರು. ಆಮೇಲೆ ಲಿಲ್ಲಿಯ ಬಿಳಿ ಕೂದಲನ್ನು ನೋಡುತ್ತ ಏನೋ ಕೇಳಿದರು. ಅಲ್ಮಾಜ್ ಅನುವಾದಿಸಲಿಲ್ಲ. ಎಮಾಮಾ ಅವಳ ತೋಳು ತಿವಿದರು.

“ಕ್ಷಮಿಸಿ” ಎಂದಳು ಅಲ್ಮಾಜ್. “ನಿಮಗೂ ವಯಸ್ಸಾಗಿದೆ, ನೀವು ಹೋದ ಮೇಲೆ ಏನು ಅಂತ ಕೇಳುತ್ತಾರೆ.”

ಲಿಲ್ಲಿ ಮಣ್ಣಿನ ಕೈ ಝಾಡಿಸಿ ಎದ್ದಳು. ನನ್ನ ಕಡೆ ನೋಡಲಿಲ್ಲ. ಜಕರಂಡಾ ಮರದ ಕೆಳಗೆ, ಅಲ್ಫೋನ್ಸ್‌ನ ಪಕ್ಕ ಹುಲ್ಲು ಕತ್ತರಿಸಿ ಬಿಟ್ಟಿದ್ದ ಖಾಲಿ ಜಾಗವನ್ನು ತೋರಿಸಿದಳು.

“ನಾನು ಹೋಗುವುದೆಲ್ಲಿಗೆ? ಅಲ್ಲಿಗೇ ಅಲ್ವಾ. ಜಾಗ ಆಗಲೇ ತೆಗೆದಿಟ್ಟಾಗಿದೆ. ಇಷ್ಟು ಹತ್ತಿರ ಇರ್ತೇನೆ, ಕಣ್ಣಿಟ್ಟಿರ್ತೇನೆ ಅಂತ ಹೇಳು.”

ಎಮಾಮಾ ಆ ಜಾಗವನ್ನೂ ತಮ್ಮ ದಿಬ್ಬವನ್ನೂ ನೋಡಿ, ನಡುವಿನ ದೂರವನ್ನು ಕಣ್ಣಲ್ಲೇ ಅಳೆದರು. ಮೊದಲ ಬಾರಿಗೆ ನಕ್ಕರು. ಬಾಯಿ ತುಂಬ ನಕ್ಕು ಲಿಲ್ಲಿಯ ಎರಡೂ ಕೆನ್ನೆಗೆ ಮತ್ತೆ ಮತ್ತೆ ಮುತ್ತಿಟ್ಟರು. ಆಮೇಲೆ ದಿಬ್ಬದ ಬಳಿ ಕುಳಿತು ಗಂಡನಿಗೆ ಬಹಳ ಹೊತ್ತು ಏನೇನೋ ಹೇಳಿದರು. ಅಲ್ಮಾಜ್ ಅಳುತ್ತ ನಮಗೆ ಒಂದನ್ನಷ್ಟೇ ತಿಳಿಸಿದಳು: “ನಿಮ್ಮ ಪರಿಚಯ ಮಾಡಿಸುತ್ತಿದ್ದಾರೆ.” ಆ ಗುರುವಾರ ಮೂವರೂ ವಿಮಾನ ಹತ್ತಿದರು.

ಆ ಭಾನುವಾರ ಎಮಾಮಾ ಗಂಡನೊಡನೆ ಮಾತಾಡುತ್ತಿರುವಾಗಲೇ ದಿಬ್ಬಕ್ಕೆ ಚಿಮುಕಿಸಲು ಇನ್ನಷ್ಟು ನೀರು ಬೇಕಾಯಿತು. ನಾನೇ ಬಕೆಟ್ ಹಿಡಿದು ಗೇಟಿನ ಬಳಿಯ ನಲ್ಲಿಗೆ ಹೋದೆ. ಲಿಲ್ಲಿಯನ್ನು ಮಂಗಳೂರಿಗೆ ಕರೆದೊಯ್ಯುವ ಆಸೆಯನ್ನೂ, ಅದಕ್ಕೆಂದು ಅವಳಿಗೆ ಹೇಳಬೇಕೆಂದು ಕೂಡಿಟ್ಟ ಎಲ್ಲ ಮಾತನ್ನೂ ಅಲ್ಲೇ ನಿಂತು ಒಂದೊಂದಾಗಿ ಬಿಟ್ಟೆ. ಮುಖ ತೊಳೆದುಕೊಂಡೆ. ದೂರದಲ್ಲಿ ಅವಳು ಎಮಾಮಾರ ಪಕ್ಕ ಮೊಣಕಾಲೂರಿ, ಸೆರಗು ಸಿಕ್ಕಿಸಿಕೊಂಡು, ಹುಲ್ಲು ಕೀಳುತ್ತಿದ್ದಳು. ಇಷ್ಟು ಜನರಿಗೆ ಬೇಕಾದವಳು ನನ್ನ ತಂಗಿ ಎಂದು ತಿಳಿಯಲು ಸಮುದ್ರ ದಾಟಿ ಬರಬೇಕಾಯಿತು, ಬಂದದ್ದು ಒಳ್ಳೆಯದಾಯಿತು.

“ಅಕ್ಕಾ!” ಎಂದು ಅವಳು ಕೂಗಿದಳು. “ಬಕೆಟ್ ತುಂಬಿ ಹರೀತಾ ಉಂಟು! ನಮ್ಮೂರಲ್ಲಿ ನೀರಿಗೆ ಎಷ್ಟು ಕಷ್ಟ ಗೊತ್ತುಂಟಾ ನಿಂಗೆ?”

ನಲ್ಲಿ ನಿಲ್ಲಿಸಿ, ಅವಳೂರಿನ ನೀರನ್ನು ಚೆಲ್ಲದ ಹಾಗೆ ಹೊತ್ತು ತಂದೆ.